ಮಕ್ಕಳಿಗೆ ಚೀಟಿ, ಪೋಷಕರಿಗೆ ಚಪ್ಪಾಳೆ!

ಜೂನ್ ತಿಂಗಳ ಕೊನೆ. ಮಳೆ ಬಂದು ಬಿಟ್ಟ ಬೆಳಿಗ್ಗೆ. ತುಮಕೂರು ಜಿಲ್ಲೆಯ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಜಗಲಿಯ ಮೇಲೆ ಒಂದು ಮೇಜು. ಅದರ ಮೇಲೆ ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ಬಿಳಿ ಕಾಗದ ಅಂಟಿಸಿ ಮಾಡಿದ ಮತಪೆಟ್ಟಿಗೆ. ಆರನೆಯ ತರಗತಿಯ ಹುಡುಗನೊಬ್ಬ ಮತಗಟ್ಟೆ ಅಧಿಕಾರಿ. ಪಕ್ಕದಲ್ಲಿ ಕುಳಿತ ಹುಡುಗಿ ಬಂದವರ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಹುಡುಕಿ ಗೀಟು ಎಳೆಯುತ್ತಾಳೆ. ಇನ್ನೊಬ್ಬಳು ಎಡಗೈ ತೋರುಬೆರಳಿಗೆ ಸ್ಕೆಚ್ ಪೆನ್ನಿನ ಮಸಿ ಹಚ್ಚುತ್ತಾಳೆ. ಮುಖ್ಯಮಂತ್ರಿ ಸ್ಥಾನಕ್ಕೆ ಮೂವರು, ಆಹಾರ ಮಂತ್ರಿ ಸ್ಥಾನಕ್ಕೆ ಇಬ್ಬರು, ಸ್ವಚ್ಛತಾ ಮಂತ್ರಿಗೆ ಯಾಕೋ ಒಬ್ಬನೇ. ಗುಟ್ಟಾಗಿ ಮತ ಹಾಕಲೆಂದು ಕರಿಹಲಗೆಯನ್ನೇ ಅಡ್ಡ ನಿಲ್ಲಿಸಿದ್ದಾರೆ. ಅದರ ಹಿಂದೆ ಇಣುಕಿದ ತಪ್ಪಿಗೆ ನಾಲ್ಕನೆಯ ತರಗತಿಯವನೊಬ್ಬ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಯಿತು.

ಇದು ಶಾಲಾ ಸಂಸತ್ತಿನ ಚುನಾವಣೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಓದಿದ, ಓದುತ್ತಿರುವ ಮಕ್ಕಳಿಗೆ ಹೊಸದೇನಲ್ಲ. ಈಚೆಗೆ ಕೆಲವೆಡೆ ಮೊಬೈಲನ್ನೇ ಮತಯಂತ್ರ ಮಾಡಿಕೊಂಡು 'ಬೀಪ್' ಎನ್ನಿಸುವ ಮೇಷ್ಟರುಗಳೂ ಇದ್ದಾರೆ.

ಮೂರು ವಾರ ಕಳೆದು ಅದೇ ಶಾಲೆಗೆ ನಾನು ಮತ್ತೆ ಹೋದೆ. ಈ ಸಲ ಚುನಾವಣೆ ಮಕ್ಕಳದ್ದಲ್ಲ, ಅವರ ಅಪ್ಪ ಅಮ್ಮಂದಿರದ್ದು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಆಗಿರುವ ಸಮಿತಿಯ ಅವಧಿ ಮುಗಿದು, ಹೊಸಬರನ್ನು ಆರಿಸಬೇಕಿತ್ತು. ಸಭೆ ಹನ್ನೊಂದಕ್ಕೆ ಎಂದು ನೋಟಿಸು. ಹನ್ನೊಂದೂವರೆಗೆ ಬಂದಿದ್ದವರು ಇಪ್ಪತ್ತೈದು ಮಂದಿ. ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳು ಎಂಬತ್ತರ ಹತ್ತಿರ.

ಮೇಜಿಲ್ಲ, ಪೆಟ್ಟಿಗೆಯಿಲ್ಲ, ಚೀಟಿಯಿಲ್ಲ. ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಹದಿನೆಂಟು ಹೆಸರು. ಹಿಂದಿನ ರಾತ್ರಿ ಅರಳಿಕಟ್ಟೆಯ ಮೇಲೆ ತಯಾರಾದ ಪಟ್ಟಿ ಅದು. "ಊರಲ್ಲಿ ಸುಮ್ಮನೆ ಜಿದ್ದು ಯಾಕೆ? ಎಲ್ಲಾ ಮಾತಾಡಿ ಆಗಿದೆ. ಅವಿರೋಧ ಅಂತ ಬರ್ಕೊಳಿ ಮೇಷ್ಟ್ರೇ" ಎಂದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಚುನಾವಣೆ ಮುಗಿದಂತೆಯೇ ಇತ್ತು.

ಆಗ ಹಿಂದೆ, ಬಾಗಿಲ ಬಳಿ ನಿಂತಿದ್ದ ಹೆಂಗಸೊಬ್ಬರು ಬಾಯಿ ತೆಗೆದರು. ಗಾರೆ ಕೆಲಸಕ್ಕೆ ಹೋಗುವವರು; ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಅವರ ಮಗಳು ಐದನೆಯ ತರಗತಿ, ಆಹಾರ ಮಂತ್ರಿ ಸ್ಥಾನಕ್ಕೆ ನಿಂತು ಏಳು ಮತಗಳಿಂದ ಸೋತವಳು. "ಅಲ್ಲ ಸಾ, ನಮ್ ಮಗೀಗೆ ಚೀಟಿ ಕೊಟ್ಟು ಓಟು ಹಾಕ್ಸಿದ್ರಂತೆ. ನಮಗ್ಯಾಕೆ ಚೀಟಿ ಇಲ್ಲ?"

ಕೊಠಡಿಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಉತ್ತರ ಯಾರಲ್ಲೂ ಇರಲಿಲ್ಲವಲ್ಲ!

ಸಹಿ ಯಾರದು, ಲೆಕ್ಕ ಯಾರದು

ಇಷ್ಟಕ್ಕೂ ಆ ಪಟ್ಟಿಯಲ್ಲಿ ಹೆಸರಿರಲೆಂದು ಜನ ರಾತ್ರಿ ನಿದ್ದೆ ಬಿಟ್ಟು ಕೂರುವುದೇಕೆ? ಎಸ್‌ಡಿಎಂಸಿ ಅಧ್ಯಕ್ಷರಿಗೆ ಸಂಬಳವಿಲ್ಲ, ಕಾರಿಲ್ಲ. ಸ್ವಾತಂತ್ರ್ಯ ದಿನಾಚರಣೆಗೆ ವೇದಿಕೆಯಲ್ಲೊಂದು ಕುರ್ಚಿ, ಒಂದು ಹಾರ. ಆದರೆ ಶಾಲೆಯ ಬ್ಯಾಂಕ್ ಖಾತೆ ಮುಖ್ಯ ಶಿಕ್ಷಕರ ಮತ್ತು ಅಧ್ಯಕ್ಷರ ಜಂಟಿ ಹೆಸರಿನಲ್ಲಿರುತ್ತದೆ. ಇವರ ಸಹಿ ಇಲ್ಲದೆ ಅವರು, ಅವರ ಸಹಿ ಇಲ್ಲದೆ ಇವರು ಹಣ ತೆಗೆಯುವಂತಿಲ್ಲ. ಗ್ರಾಮ ಪಂಚಾಯ್ತಿಗೆ ನಿಲ್ಲಬೇಕೆನ್ನುವವರಿಗೆ ಇದು ಮೊದಲ ಮೆಟ್ಟಿಲೂ ಹೌದು. ಹೀಗಾಗಿ ಕೆಲವು ಊರುಗಳಲ್ಲಿ ಈ ಪುಟ್ಟ ಚುನಾವಣೆಗೆ ಪೊಲೀಸರು ಬಂದು ನಿಂತದ್ದೂ ಉಂಟು.

ಹಣ ಎಷ್ಟು ಎಂದರೆ ನಗರದ ಓದುಗರು ನಕ್ಕಾರು. ಸಮಗ್ರ ಶಿಕ್ಷಣ ಯೋಜನೆಯ ಚೌಕಟ್ಟಿನಲ್ಲಿ ವರ್ಷಕ್ಕೊಮ್ಮೆ ಬರುವ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗಿನ ಶಾಲೆಗೆ 10 ಸಾವಿರ ರೂಪಾಯಿ; 31ರಿಂದ 100ರವರೆಗೆ 25 ಸಾವಿರ; 250ರವರೆಗೆ 50 ಸಾವಿರ; ಸಾವಿರ ಮಕ್ಕಳವರೆಗೆ 75 ಸಾವಿರ; ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ. ಸೀಮೆಸುಣ್ಣ, ಕರೆಂಟು ಬಿಲ್ಲು, ಕೆಟ್ಟ ನಲ್ಲಿ, ಒಡೆದ ಹೆಂಚು ಎಲ್ಲವೂ ಇದರಲ್ಲೇ ಆಗಬೇಕು. ಮೂವತ್ತನೆಯ ಮಗುವಿಗೂ ಮೂವತ್ತೊಂದನೆಯ ಮಗುವಿಗೂ ನಡುವೆ ಹದಿನೈದು ಸಾವಿರದ ಅಂತರ! ಒಂದು ಮನೆಯವರು ಮಗುವನ್ನು ಪಟ್ಟಣದ ಕಾನ್ವೆಂಟಿನ ವ್ಯಾನಿಗೆ ಹತ್ತಿಸಿದರೆ ಚಿಕ್ಕ ಶಾಲೆಯ ಹೆಂಚು ಹಾಗೆಯೇ ಸೋರುತ್ತಿರಬಹುದು. ಹಣ ಕಡಿಮೆ ಇದ್ದಷ್ಟೂ ಅದು ಎಲ್ಲಿಗೆ ಹೋಯಿತೆಂದು ಕೇಳುವವರು ಬೇಕು.

ಹಿಂದೆ ಹೀಗಿರಲಿಲ್ಲ

ಹಳಬರಿಗೆ ಶಾಲಾ ಬೆಟರ್‌ಮೆಂಟ್ ಕಮಿಟಿ ಗೊತ್ತು, ಅನಂತರದ ಗ್ರಾಮ ಶಿಕ್ಷಣ ಸಮಿತಿಯೂ ಗೊತ್ತು. ಊರಿನ ಪ್ರಮುಖರು ಇರುತ್ತಿದ್ದರು. ಅವರ ಮಕ್ಕಳು ಅದೇ ಶಾಲೆಯಲ್ಲಿ ಓದಬೇಕೆಂದೇನೂ ಇರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ, ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಒಂದು ಎಸ್‌ಡಿಎಂಸಿ ರಚಿಸಿತು. ಮುಖ್ಯವಾದ ಮಾತೆಂದರೆ, ಆ ಶಾಲೆಯಲ್ಲಿ ಮಗು ಓದುತ್ತಿರುವವರೇ ಮತದಾರರು, ಅವರೇ ಅಭ್ಯರ್ಥಿಗಳು. ಆಗ ಪೋಷಕರು ಆರಿಸುತ್ತಿದ್ದುದು ಒಂಬತ್ತು ಮಂದಿಯನ್ನು. 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆಯ ಅಡಿಯಲ್ಲಿ ಮಾದರಿ ಉಪವಿಧಿಗಳು ಬಂದವು.

ದೇಶದ ಉಳಿದ ಭಾಗಕ್ಕೆ ಇದು ಕಾನೂನಾಗಿ ಬಂದದ್ದು ತಡವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೆಯ ಪ್ರಕರಣ ಶಾಲೆಗೊಂದು ಸಮಿತಿ ಇರಲೇಬೇಕೆನ್ನುತ್ತದೆ. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು; ಅರ್ಧದಷ್ಟು ಮಹಿಳೆಯರು; ಹಿಂದುಳಿದ, ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನ. ಓದುಬರಹ ಬಲ್ಲವರೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಅದು ಬೇಕೆಂದೇ ಬಿಟ್ಟದ್ದು ಎಂದು ನಾನು ತಿಳಿದಿದ್ದೇನೆ. ಮಗುವಿನ ತಟ್ಟೆಯಲ್ಲಿ ಅನ್ನ ಬೆಂದಿದೆಯೇ ಎಂದು ನೋಡಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆ?

ಅದೇ ಕಾನೂನಿನಲ್ಲಿ ಒಂದು ವಿಚಿತ್ರವೂ ಇದೆ. ಅನುದಾನರಹಿತ ಖಾಸಗಿ ಶಾಲೆಗೆ ಈ ಪ್ರಕರಣ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಮತ್ತು ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿ ಸಮಿತಿಯ ಕೆಲಸ ಸಲಹೆ ಕೊಡುವುದಷ್ಟೇ ಎಂದು 2012ರ ತಿದ್ದುಪಡಿ ಹೇಳಿತು. ಸಾವಿರಾರು ರೂಪಾಯಿ ಫೀಸು ಕಟ್ಟುವ ಅಪ್ಪ, ಸಭೆಗೆ ಕರೆದ ದಿನ ಹೋಗಿ ಅಂಕಪಟ್ಟಿಗೆ ಸಹಿ ಹಾಕಿ ಬರುತ್ತಾನೆ. ಫೀಸು ಕಟ್ಟದ ಗಾರೆ ಕೆಲಸದ ತಾಯಿಗೆ ಮತವಿದೆ.

ಮತ ಯಾರಿಗೆ ಎಂಬ ಪ್ರಶ್ನೆ ಬೇರೆ ಕಡೆ ಬೇರೆ ಥರ. ಅಮೆರಿಕದಲ್ಲಿ ಹದಿಮೂರು ಸಾವಿರದಷ್ಟು ಶಾಲಾ ಜಿಲ್ಲೆಗಳಿವೆ. ಹೆಚ್ಚಿನವಕ್ಕೆ ಚುನಾಯಿತ ಸ್ಕೂಲ್ ಬೋರ್ಡ್. ಇಡೀ ಜಿಲ್ಲೆಯ ಶಾಲೆಗಳ ಆಯವ್ಯಯ, ಮುಖ್ಯಾಧಿಕಾರಿಯ ನೇಮಕ ಅದರ ಕೈಯಲ್ಲಿ. ನಮ್ಮ ಎಸ್‌ಡಿಎಂಸಿಗೆ ಶಿಕ್ಷಕರನ್ನು ನೇಮಿಸುವ ಅಧಿಕಾರ ಇಲ್ಲ ಎಂಬುದನ್ನು ನೆನೆದರೆ ಅದು ಬಲು ದೊಡ್ಡದು. ಆದರೆ ಅಲ್ಲಿ ಮತ ಹಾಕುವವರು ಪೋಷಕರಲ್ಲ, ಆ ಪ್ರದೇಶದ ನೋಂದಾಯಿತ ಮತದಾರರು. ಮಕ್ಕಳಿಲ್ಲದವರೂ ಹಾಕಬಹುದು. ವೀಸಾದ ಮೇಲೆ ಹೋಗಿ, ಮನೆ ಕೊಂಡು, ಶಾಲೆಗೆಂದೇ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲೇ ಓದಿಸುವ ನಮ್ಮ ಬೆಂಗಳೂರಿನ ಎಂಜಿನಿಯರ್ ಹಾಕುವಂತಿಲ್ಲ! ಆದರೆ ಸಾನ್ ಫ್ರಾನ್ಸಿಸ್ಕೋ ನಗರ 2016ರಲ್ಲಿ ಜನಮತ ಪಡೆದು, 2018ರಿಂದ ಪೌರತ್ವವಿಲ್ಲದ ಪೋಷಕರಿಗೂ ಈ ಒಂದು ಚುನಾವಣೆಯಲ್ಲಿ ಮತ ಕೊಟ್ಟಿತು.

ಆ ಬೆಳಿಗ್ಗೆ ನಡೆಯಬೇಕಾದದ್ದು

ನಮ್ಮ ಶಾಲೆಗೆ ಮರಳೋಣ. ಕ್ರಮ ಸರಳ. ಸಮಿತಿಯ ಅವಧಿ ಮೂರು ವರ್ಷ. ಅದು ಮುಗಿದಾಗ ಮುಖ್ಯ ಶಿಕ್ಷಕರು ಪೋಷಕರ ಸಭೆ ಕರೆಯುತ್ತಾರೆ. ನೋಟಿಸು ಸಾಮಾನ್ಯವಾಗಿ ಮಕ್ಕಳ ಕೈಯಲ್ಲೇ ಬರುತ್ತದೆ. (ಮಕ್ಕಳೇ, ಅದು ಚೀಲದ ತಳದಲ್ಲಿ ಮುದ್ದೆಯಾಗಿ ಉಳಿಯದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.) ಸಭೆಗೆ ಇಲಾಖೆಯ ಪರವಾಗಿ ಸಿಆರ್‌ಪಿ ಅಥವಾ ಇನ್ನೊಬ್ಬರು ಬಂದಿರುತ್ತಾರೆ. ಆರಿಸಬೇಕಾದದ್ದು ಹದಿನೆಂಟು ಪೋಷಕರನ್ನು, ಅರ್ಧ ಹೆಣ್ಣುಮಕ್ಕಳು. ಯಾವ ವರ್ಗಕ್ಕೆ ಎಷ್ಟು ಸ್ಥಾನವೆಂಬುದು ಶಾಲೆಯಲ್ಲಿ ಓದುತ್ತಿರುವ ಮಕ್ಕಳ ಪ್ರಮಾಣದ ಮೇಲೆ. ಹಲವು ಶಾಲೆಗಳಲ್ಲಿ ತರಗತಿವಾರು ಆಯ್ಕೆ ಮಾಡುತ್ತಾರೆ. ಇದು ಒಳ್ಳೆಯ ಪದ್ಧತಿ. ಒಂದನೆಯ ತರಗತಿಯ ಮಗುವಿನ ತಾಯಿಗೂ ಜಾಗ ಸಿಗುತ್ತದೆ. ಆಯ್ಕೆಯಾದವರು ತಮ್ಮೊಳಗೇ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುತ್ತಾರೆ. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಸ್ಥಳೀಯ ಪಂಚಾಯ್ತಿ ಸದಸ್ಯರು, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಕಾರ್ಯಕರ್ತೆ ಮುಂತಾದವರೂ ಜೊತೆಗಿರುತ್ತಾರೆ.

'ಪೋಷಕ' ಎಂದರೆ ಹೆತ್ತವರೇ ಆಗಬೇಕಿಲ್ಲ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ದುಡಿಯುತ್ತಿದ್ದು, ಮಗು ಊರಿನ ಅಜ್ಜಿಯ ಸುಪರ್ದಿನಲ್ಲಿದ್ದರೆ ಅಜ್ಜಿಯನ್ನು ಹೊರಗಿಡಲಾಗದು. ತಂದೆ ತಾಯಿ ಇಬ್ಬರೂ ಬಂದರೆ ಮನೆಗೆ ಮತ ಒಂದೋ ಎರಡೋ ಎಂಬ ತಕರಾರು ಪ್ರತಿ ಸಲವೂ ಏಳುತ್ತದೆ. ಎಣಿಕೆ ಶುರುವಾದ ಮೇಲೆ ಜಗಳವಾಡುವ ಬದಲು ಮೊದಲೇ ಬಂದ ಅಧಿಕಾರಿಯನ್ನು ಕೇಳಿ, ಎಲ್ಲರೆದುರು ಹೇಳಿಸಿ, ಪುಸ್ತಕದಲ್ಲಿ ಬರೆಸಿಬಿಡುವುದು ಮೇಲು.

ಒಮ್ಮತದ ಆಯ್ಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಬಂದವರೆಲ್ಲ ಮಾತಾಡಿ ಒಪ್ಪಿದರೆ ಅದಕ್ಕಿಂತ ಚೆನ್ನು ಯಾವುದು? ಆದರೆ ಅರಳಿಕಟ್ಟೆಯ ಒಪ್ಪಿಗೆ ಬೇರೆ, ಶಾಲೆಯ ಕೊಠಡಿಯ ಒಪ್ಪಿಗೆ ಬೇರೆ. ಕಟ್ಟೆಯ ಮೇಲೆ ಹೆಂಗಸರು ಕೂರುವುದಿಲ್ಲ. ಕೇರಿಯವರು ಕೂರುವುದಿಲ್ಲ. ಇನ್ನು ಕೈ ಎತ್ತಿಸುವ ಪದ್ಧತಿ. ಸಾಲ ಕೊಟ್ಟವನು, ಕೂಲಿಗೆ ಕರೆಯುವವನು ಎದುರಿಗೇ ಕುಳಿತಿರುವಾಗ ಯಾರ ಕೈ ಯಾವ ಕಡೆ ಏಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ನೋಟುಬುಕ್ಕಿನ ಹಾಳೆ ಹರಿದು ಚೀಟಿ ಮಾಡಲು ಹತ್ತು ನಿಮಿಷ ಸಾಕು. ಅಕ್ಷರ ಬಾರದವರಿಗೆ ಮಕ್ಕಳ ಚುನಾವಣೆಯ ಗುರುತುಗಳೇ ಸಾಕು: ಗಂಟೆ, ಬಕೆಟ್ಟು, ಪೆನ್ಸಿಲು.

ನಿಲ್ಲುವವರಿಗೆ

ನಿಲ್ಲುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ. ಕೇಂದ್ರದ 2010ರ ನಿಯಮಗಳು ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕೆನ್ನುತ್ತವೆ. ಮೂರು ವರ್ಷಕ್ಕೆ ಮೂವತ್ತಾರು ಸಭೆ. ಕೂಲಿಯವರಿಗೆ ಮೂವತ್ತಾರು ಅರ್ಧ ದಿನ. ಅಷ್ಟು ಕಳೆದುಕೊಂಡು ಏನು ಮಾಡಬಹುದು?

ಕಾನೂನು ಕೊಟ್ಟ ಕೆಲಸ ಮುಖ್ಯವಾಗಿ ಮೂರು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು. ಕೊನೆಯದನ್ನು ಹೆಚ್ಚಿನ ಕಡೆ ಮೇಷ್ಟರೇ ಒಂದು ಸಂಜೆ ಕುಳಿತು ಬರೆದು ಮುಗಿಸುತ್ತಾರೆ. ಅದು ಮೂರು ವರ್ಷದ ಯೋಜನೆ. ಎಷ್ಟು ಮಕ್ಕಳು ಬರುತ್ತಾರೆ, ಎಷ್ಟು ಶಿಕ್ಷಕರು ಬೇಕು, ಯಾವ ಕೊಠಡಿ ಬೇಕು ಎಂಬ ಲೆಕ್ಕ ಅದರಲ್ಲಿರಬೇಕು. 22ನೆಯ ಪ್ರಕರಣದ ಪ್ರಕಾರ ಸರ್ಕಾರ ಅನುದಾನ ಕೊಡಲು ಈ ಯೋಜನೆಯೇ ಆಧಾರ. ನಿಮ್ಮ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ ಬೇಕೆಂದು ಅದರಲ್ಲಿ ಬರೆದಿಲ್ಲವಾದರೆ, ಶಾಸಕರು ಬಂದಾಗ ಕೈಮುಗಿದು ಕೇಳುವುದೊಂದೇ ದಾರಿ ಉಳಿಯುತ್ತದೆ.

ಕೇಳಲು ಬೇಕಾದ ಅಂಕಿಗಳೂ ಕಾಯ್ದೆಯ ಅನುಸೂಚಿಯಲ್ಲೇ ಇವೆ. ಒಂದರಿಂದ ಐದನೆಯ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಆರರಿಂದ ಎಂಟಕ್ಕೆ 35 ಮಕ್ಕಳಿಗೊಬ್ಬರು. ವರ್ಷಕ್ಕೆ 200 ದಿನ ಪಾಠ, ಮೇಲಿನ ತರಗತಿಗಳಿಗೆ 220. ಜನಗಣತಿ, ಚುನಾವಣೆ, ವಿಪತ್ತಿನ ಕೆಲಸ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಎಳೆಯಬಾರದು ಎಂದು 27ನೆಯ ಪ್ರಕರಣ. ಈ ಕೊನೆಯದನ್ನು ಸಮಿತಿಯೊಂದು ಗಟ್ಟಿಯಾಗಿ ಕೇಳಿದರೆ ಮೊದಲು ಸಂತೋಷಪಡುವವರು ಮೇಷ್ಟರುಗಳೇ. ಮೇಲುಸ್ತುವಾರಿ ಎಂದರೆ ಮೇಷ್ಟರ ಮೇಲೆ ಪತ್ತೇದಾರಿಕೆ ಎಂದು ತಿಳಿದ ಅಧ್ಯಕ್ಷರುಗಳನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಗೇಟಿನ ಬಳಿ ಗಡಿಯಾರ ಹಿಡಿದು ನಿಲ್ಲುತ್ತಾರೆ, ನಡಾವಳಿ ಪುಸ್ತಕ ಮಾತ್ರ ತೆರೆದು ನೋಡುವುದಿಲ್ಲ.

ನಡಾವಳಿ ಪುಸ್ತಕದ್ದೇ ಒಂದು ಕಥೆ. ಸಭೆ ನಡೆಯದೆಯೇ ಮನೆಮನೆಗೆ ಹುಡುಗನನ್ನು ಕಳಿಸಿ ಸಹಿ ಹಾಕಿಸಿಕೊಂಡು ಬರುವುದು, ಬರಹವನ್ನು ಆಮೇಲೆ ತುಂಬುವುದು ಎಷ್ಟೋ ಕಡೆ ರೂಢಿ. ಮಹಿಳಾ ಸದಸ್ಯೆಯ ಬದಲು ಆಕೆಯ ಗಂಡ ಬಂದು ಕೂರುವುದಂತೂ ಯಾರಿಗೂ ತಪ್ಪೆಂದೇ ಕಾಣುವುದಿಲ್ಲ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿದವರು ನಾಳೆ ಲೆಕ್ಕಕ್ಕೂ ಹೊಣೆ. ಓದಲು ಬಾರದಿದ್ದರೆ ಓದಿ ಹೇಳಿ ಎನ್ನಬೇಕು. ಐದನೆಯ ತರಗತಿಯ ಮಗಳು ಪಕ್ಕದಲ್ಲೇ ಇದ್ದರೆ ಅವಳೇ ಓದುತ್ತಾಳೆ.

ಹದಿಮೂರು, ಒಂಬತ್ತು

ಅವತ್ತು ಕೊನೆಗೆ ಚೀಟಿ ಬಂತು. ಸಿಆರ್‌ಪಿ ಮೇಡಂ "ಕೇಳಿದ ಮೇಲೆ ಮಾಡಲೇಬೇಕು" ಎಂದರು. ಬಿಳಿ ಅಂಗಿಯವರು ಮುಖ ಗಂಟು ಹಾಕಿಕೊಂಡರೂ ಎದ್ದು ಹೋಗಲಿಲ್ಲ. ಮಕ್ಕಳ ರಟ್ಟಿನ ಡಬ್ಬ ಕಪಾಟಿನ ಮೇಲಿತ್ತು. ಆರನೆಯ ತರಗತಿಯ 'ಅಧಿಕಾರಿ' ಓಡಿಹೋಗಿ ತಂದುಕೊಟ್ಟ. ಅಷ್ಟರಲ್ಲಿ ಸುದ್ದಿ ಹರಡಿ, ತೋಟದಲ್ಲಿದ್ದವರು, ಮನೆಯಲ್ಲಿದ್ದವರು ಇನ್ನೂ ಇಪ್ಪತ್ತು ಜನ ಬಂದರು. ಹದಿನೆಂಟರಲ್ಲಿ ಪಟ್ಟಿಯ ಹನ್ನೆರಡು ಹೆಸರು ಉಳಿದವು, ಆರು ಬದಲಾದವು. ಗಾರೆ ಕೆಲಸದ ತಾಯಿ ಆ ಆರರಲ್ಲಿ ಒಬ್ಬರು. ಅಧ್ಯಕ್ಷ ಸ್ಥಾನಕ್ಕೆ ಅವರ ಹೆಸರನ್ನು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬಿಳಿ ಅಂಗಿಯವರ ಅಣ್ಣನ ಮಗನೇ ಅಧ್ಯಕ್ಷನಾದ.

ಡಿಸೆಂಬರಿನಲ್ಲಿ ಆ ದಾರಿಯಲ್ಲಿ ಹೋದಾಗ ಶಾಲೆಗೆ ಇಣುಕಿದೆ. ಮುಖ್ಯ ಶಿಕ್ಷಕರು ನಡಾವಳಿ ಪುಸ್ತಕ ತೋರಿಸಿದರು. ಐದು ತಿಂಗಳಲ್ಲಿ ನಾಲ್ಕು ಸಭೆ. ಮೊದಲನೆಯದಕ್ಕೆ ಹದಿಮೂರು ಸಹಿ, ನಾಲ್ಕನೆಯದಕ್ಕೆ ಒಂಬತ್ತು. ನೀರಿನ ತೊಟ್ಟಿಗೆ ಮುಚ್ಚಳ ಬಂದಿದೆ. ಶೌಚಾಲಯದ ಬಾಗಿಲು ರಿಪೇರಿಯಾಗಿದೆ; ಬಿಲ್ಲನ್ನು ಪುಸ್ತಕಕ್ಕೇ ಅಂಟಿಸಿದ್ದಾರೆ. ಗಣಿತಕ್ಕೆ ಶಿಕ್ಷಕರಿಲ್ಲವೆಂದು ಬಿಇಒ ಕಚೇರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ.

ಕೊನೆಯ ಸಭೆಯ ಕೊನೆಯ ವಿಷಯ ಆ ತಾಯಿ ಎತ್ತಿದ್ದು. ಕೂಲಿಗೆ ಹೋಗುವವರು ಬರಬೇಕಾದರೆ ಸಭೆಯನ್ನು ಸಂಜೆ ಐದೂವರೆಗೆ ಇಡಬೇಕು ಎಂದು. ಒಂಬತ್ತು ಜನರೂ ಒಪ್ಪಿ ಸಹಿ ಹಾಕಿದ್ದರು. "ಒಪ್ಪಿದ್ದೇನೋ ಸರಿ" ಎಂದರು ಮುಖ್ಯ ಶಿಕ್ಷಕರು, ಕನ್ನಡಕ ತೆಗೆದು ಒರೆಸುತ್ತ. ಅವರು ದಿನವೂ ತಾಲ್ಲೂಕು ಕೇಂದ್ರದಿಂದ ಬಂದುಹೋಗುವವರು. ಐದೂ ಮುಕ್ಕಾಲಿನ ಬಸ್ಸು ತಪ್ಪಿದರೆ ಮುಂದಿನದು ಎಂಟು ಗಂಟೆಗೆ.